ನಾಕಾದ ಎರಡೂ ಬದಿಗೆ ನಮ್ಮವರೇ

(ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆಯ ಮರುದಿನ ಕೂಡಿದ ರೈತ-ಕೂಲಿಕಾರರ ಸಭೆಯಲ್ಲಿ ಮಾಡಿದ ಭಾಷಣ)

ಚಿಂಚಲಿಯ ಬಂಧುಗಳೇ, ತಾಯಂದಿರೇ, ಮೀರಜ, ಸಾಂಗಲಿ, ಕೊಲ್ಲಾಪುರಗಳ ಕಡೆಯಿಂದ ಬಂದು ಇನ್ನೂ ಚಕ್ಕಡಿಯ ಕೊಳ್ಳ ಕಟ್ಟದೆ ಉಳಿದಿರುವ ಯಾತ್ರಿಕ ಬಾಂಧವರೇ,

ಭಾರತ ಹುಣ್ಣಿಮೆಯ ಈ ಜಾತ್ರೆಗೆ ನೀವು ಹೇಗೆ ಬಂದಿರೆಂಬುದನ್ನು ಒಂದು ಸಲ ನೆನೆಯಿರಿ. ಚಕ್ಕಡಿಯಲ್ಲಿ ಬಂದವರು, ಟ್ರ್ಯಾಕ್ಟರಿನಲ್ಲಿ ಬಂದವರು, ರೈಲಿನಲ್ಲಿ ಬಂದವರು, ನಡೆದು ಬಂದವರು ಎಲ್ಲರೂ ಇದ್ದೀರಿ. ಎರಡು ರಾಜ್ಯಗಳ ಗಡಿಯನ್ನು ದಾಟಿದ್ದೀರಿ. ದಾಟಿದ್ದು ಅನೇಕರಿಗೆ ಗೊತ್ತೂ ಆಗಿಲ್ಲ. ನಿನ್ನೆ ಭಂಡಾರ ಹಾರಿಸುವಾಗ ಪಕ್ಕದಲ್ಲಿ ನಿಂತವನ ಕಿಸೆಯಲ್ಲಿ ಯಾವ ಸರಕಾರದ ಕಾಗದವಿದೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಹೀಗೆ ಕೇಳದಿರುವುದು ಸಹಜವೆಂದು ನಮಗೆ ತೋರುತ್ತದೆ. ಮಣಿಪುರದವನಿಗೆ, ಕಾಶ್ಮೀರದವನಿಗೆ, ಪ್ಯಾಲೆಸ್ತೀನದವನಿಗೆ ಅದು ಸಹಜವಾಗಿ ಉಳಿದಿಲ್ಲ.

ಇಂದು ನಾವು ಮಾತಾಡಬೇಕೆಂದಿರುವುದು ಸೈನ್ಯದ ನಾಕಾಗಳನ್ನು ಕುರಿತು. ಸಭೆಗೆ ಬರುವ ಮೊದಲು ಒಬ್ಬ ಹಿರಿಯರು ಚಹದ ಅಂಗಡಿಯಲ್ಲಿ ಕೇಳಿಯೇ ಬಿಟ್ಟರು: "ಅದಕ್ಕೂ ಚಿಂಚಲಿಗೂ ಏನ್ ಸಂಬಂಧ ರೀ? ಕಬ್ಬಿನ ಬಾಕಿ ಮಾತಾಡ್ರಿ." ಕಬ್ಬಿನ ಬಾಕಿಯನ್ನು ನಾವು ಮರೆತಿಲ್ಲ, ಅದಕ್ಕೆ ಬೇರೆಯೇ ಸಭೆಯಾಗತಕ್ಕದ್ದು. ಆದರೆ ಅವರ ಪ್ರಶ್ನೆಗೆ ಉತ್ತರ ಕೊಡಬೇಕು. ಸಂಬಂಧ ಎರಡುಂಟು. ಒಂದು, ನಾಕಾದ ಈಚೆಗೆ ನಾವು ಕೈಕಟ್ಟಿ ನಿಂತದ್ದುಂಟು. ಇನ್ನೊಂದು, ನಾಕಾದ ಆಚೆಗೆ ಬಂದೂಕು ಹಿಡಿದು ನಿಂತಿರುವವರಲ್ಲಿ ನಮ್ಮ ಮಕ್ಕಳೇ ಇದ್ದಾರೆ.

ಮೊದಲನೆಯದಕ್ಕೆ ದೂರ ಹೋಗಬೇಕಾಗಿಲ್ಲ. ನಿಮ್ಮ ಊರಿನ ಸ್ಟೇಶನ್ನಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿರಿ. ರಾಯಬಾಗ, ಘಟಪ್ರಭಾ, ಬೆಳಗಾವಿ, ಖಾನಾಪುರ, ಲೋಂಡಾ. ಲೋಂಡಾದಿಂದ ಒಂದು ಹಳಿ ಧಾರವಾಡಕ್ಕೆ ಹೋದರೆ ಇನ್ನೊಂದು ಹಳಿ ಕ್ಯಾಸಲ್ ರಾಕಿಗೆ ಹೋಗಿ, ಘಟ್ಟ ಇಳಿದು, ದೂಧಸಾಗರದ ಧಬಧಬೆಯ ಮುಂದೆ ಹಾಯ್ದು, ಗೋವೆಯ ಮುರಗಾವ ಬಂದರಕ್ಕೆ ಮುಟ್ಟುತ್ತದೆ. ಅದು 1880ರ ದಶಕದಲ್ಲಿ ಹಾಕಿದ ಹಾದಿ. ಕ್ಯಾಸಲ್ ರಾಕಿನಲ್ಲಿ ಬ್ರಿಟಿಷರ ಸುಂಕದ ಕಟ್ಟೆ, ಘಟ್ಟದ ಕೆಳಗೆ ಕುಳೆಮಿನಲ್ಲಿ ಪೋರ್ತುಗೀಜರ ಸುಂಕದ ಕಟ್ಟೆ. ಗಂಟು ಬಿಚ್ಚಿ ತೋರಿಸಿ ಜನ ಓಡಾಡುತ್ತಿದ್ದರು. ಘಟ್ಟದ ಮೇಲಿನ ಕಾಯಿಪಲ್ಲೆ, ಕಾಳುಕಡಿ ಕೆಳಗೆ ಹೋಗುತ್ತಿತ್ತು. ಕೆಳಗಿನ ತೆಂಗು, ಉಪ್ಪುಮೀನು ಮೇಲೆ ಬರುತ್ತಿತ್ತು. ಖಾನಾಪುರ, ಬೆಳಗಾವಿಗಳ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಗೋವೆಗೆ ಸೊಸೆಯಾಗಿ ಹೋಗಿದ್ದರು; ಗೋವೆಯ ಹೆಣ್ಣುಮಕ್ಕಳು ಇಲ್ಲಿಗೆ ಬಂದಿದ್ದರು.

1946ರ ಜೂನ್ 18ರಂದು ಡಾ. ಲೋಹಿಯಾ ಮಡಗಾಂವಿನಲ್ಲಿ ಸಭೆಬಂದಿಯನ್ನು ಮುರಿದು ಗೋವೆಯ ಜನರಿಗೆ ಬಾಯಿ ತೆರೆಯಲು ಕಲಿಸಿದರು. 1955ರಲ್ಲಿ ನಾನಾಸಾಹೇಬ ಗೋರೆ, ಸೇನಾಪತಿ ಬಾಪಟ್, ಮಧು ಲಿಮಯೆ ಮೊದಲಾದವರು ಸತ್ಯಾಗ್ರಹಿಗಳ ತುಕಡಿಗಳೊಂದಿಗೆ ಗಡಿ ದಾಟಿದರು. ಲಿಮಯೆಯವರು ಪೋಲೀಸರ ಹೊಡೆತವನ್ನೂ ತಿಂದರು, 12 ವರ್ಷಗಳ ಶಿಕ್ಷೆಯನ್ನೂ ಪಡೆದರು, 1957ರಲ್ಲಿ ಬಿಡುಗಡೆಯಾಯಿತು. 1955ರ ಆಗಸ್ಟ್ 15ರಂದು ಸಾವಿರಾರು ಸತ್ಯಾಗ್ರಹಿಗಳು ಬರಿಗೈಯಲ್ಲಿ ಗಡಿ ದಾಟಿದಾಗ ಪೋರ್ತುಗೀಜರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಮಿಕ್ಕಿ ಜನ ಸತ್ತರು. ಇದು ನಮ್ಮಲ್ಲಿ ಹಲವರಿಗೆ ತಿಳಿದ ಕಥೆ. ಅದರ ನಂತರದ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ.

ನಂತರ ನಮ್ಮ ಸರಕಾರವೇ ಗಡಿಯನ್ನು ಮುಚ್ಚಿತು. ರೈಲು ನಿಂತಿತು. ವ್ಯಾಪಾರ ನಿಂತಿತು. ಮುಂಬಯಿಯಲ್ಲಿ ದುಡಿಯುವ ಗೋವೆಯವನು ತಾಯಿಗೆ ಹಣ ಕಳಿಸುವುದಕ್ಕೂ ಅಡ್ಡಿಯಾಯಿತು. ಹೋಗಬೇಕಾದವನು ಪರವಾನಿಗೆ ಪಡೆದು, ಗೊತ್ತುಮಾಡಿದ ನಾಕಾಕ್ಕೆ ಬಂದು, ಈ ಬದಿಯವರಿಗೆ ಒಮ್ಮೆ ಆ ಬದಿಯವರಿಗೆ ಒಮ್ಮೆ ಗಂಟುಮೂಟೆ ಬಿಚ್ಚಿ ತೋರಿಸಬೇಕು. ಅತ್ತ ಪೋರ್ತುಗೀಜ ಸಿಪಾಯಿಗೆ ಅವನು ಹಿಂದುಸ್ಥಾನದ ಗುಪ್ತಚರ. ಇತ್ತ ನಮ್ಮ ಪೋಲೀಸನಿಗೆ ಅವನು ಕಳ್ಳಸಾಗಣೆಯವನು. ತವರಿನಲ್ಲಿ ಹೆಣ ಬಿದ್ದರೆ ಹೆಣದ ಮೋರೆ ನೋಡಲು ಮಗಳು ಅರ್ಜಿ ಬರೆಯಬೇಕು. ಅರ್ಜಿಗೆ ಉತ್ತರ ಬರುವವರೆಗೆ ಹೆಣ ಕಾಯುವುದೇ?

ಉದ್ದೇಶ ಸರಿಯಾಗಿತ್ತು, ಸಾಲಾಜಾರನ ಕೈ ತಿರುವಬೇಕೆಂಬುದು ಎಲ್ಲರ ಮಾತಾಗಿತ್ತು. ಆದರೆ ಆ ಕೈ ತಿರುವಿತೆ? ಮುರಗಾವದಿಂದ ಕಬ್ಬಿಣದ ಅದಿರು ಜಪಾನಕ್ಕೆ ಹೋಗುತ್ತಲೇ ಇತ್ತು. ದಾಬೋಳಿಯಲ್ಲಿ ವಿಮಾನ ನಿಲ್ದಾಣ ಎದ್ದಿತು, 1955ರಲ್ಲಿಯೇ ಪೋರ್ತುಗೀಜರು ಬೇರೆ ವಿಮಾನ ಸಂಸ್ಥೆ ಕಟ್ಟಿ ಕರಾಚಿಗೆ ಹಾರಾಟ ನಡೆಸಿದರು. ಅಕ್ಕಿ ಬೇರೆ ದೇಶದಿಂದ ಹಡಗಿನಲ್ಲಿ ಬಂತು. ಗಣಿಯ ಮಾಲಕನಿಗೆ ಕೊರತೆಯಾಗಲಿಲ್ಲ, ಬಂಗಾರ ಗಡಿಯಾರಗಳ ಕಳ್ಳಸಾಗಣೆಯವನಿಗಂತೂ ಸುಗ್ಗಿಯೇ ಆಯಿತು. ತಟ್ಟಿದ್ದು ಯಾರಿಗೆಂದರೆ, ಮುಂಬಯಿಯ ಮಗನ ದುಡ್ಡಿನಿಂದ ಗಂಜಿ ಕಾಣುತ್ತಿದ್ದ ಮುದುಕಿಗೆ, ಗಡಿಯ ಈಚೆ ಬುಟ್ಟಿ ಹೊತ್ತು ಮಾರುತ್ತಿದ್ದವಳಿಗೆ, ಕ್ಯಾಸಲ್ ರಾಕಿನ ಹಮಾಲನಿಗೆ. ಆರು ವರ್ಷ ಹೀಗೆ ಸಾಗಿತು. ಕೊನೆಗೆ 1961ರ ಡಿಸೆಂಬರದಲ್ಲಿ ಇದೇ ಹಳಿಯ ಮೇಲೆ ಪ್ರಯಾಣಿಕರ ಗಾಡಿಗಳನ್ನು ನಿಲ್ಲಿಸಿ ಸೈನ್ಯದ ಗಾಡಿಗಳನ್ನು ಬಿಟ್ಟರು, ಬೆಳಗಾವಿಯಲ್ಲಿ ದಂಡು ಕೂಡಿತು, 19ರ ರಾತ್ರಿಯೊಳಗೆ ಪೋರ್ತುಗೀಜರು ಶರಣಾದರು. ಆರು ವರ್ಷದ ನಾಕಾ ಮಾಡದ್ದು ಎರಡು ದಿನದಲ್ಲಿ ಆಯಿತು. ಯುದ್ಧ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ನಾಕಾದಿಂದ ಯಾರ ಹೊಟ್ಟೆಗೆ ಪೆಟ್ಟು ಬಿತ್ತು ಎಂಬುದನ್ನಷ್ಟೇ ನೋಡಿರಿ ಎನ್ನುತ್ತೇವೆ.

ನಮ್ಮ ಮೂಡಲಕ್ಕೆ ನಿಜಾಮನ ಗಡಿಯಲ್ಲಿ 1947-48ರಲ್ಲಿ ನಡೆದದ್ದು ಇದಕ್ಕಿಂತ ಘೋರವಾದುದು. ಅದನ್ನು ವಿಜಾಪುರ, ಕಲಬುರ್ಗಿಯವರ ಬಾಯಿಂದಲೇ ಕೇಳಬೇಕು. ಇಲ್ಲಿ ಎರಡು ಮಾತಿನಲ್ಲಿ ಮುಗಿಸಿದರೆ ಅವರಿಗೆ ಅನ್ಯಾಯವಾದೀತು.

ಇನ್ನು ಎರಡನೆಯ ಸಂಬಂಧ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವಿದೆ. ಈ ಜಿಲ್ಲೆಯ ಎಷ್ಟು ಊರುಗಳಿಂದ ಹುಡುಗರು ಪಲ್ಟಣಿಗೆ ಹೋಗಿದ್ದಾರೆಂಬುದು ನಿಮಗೇ ಗೊತ್ತು. ಎರಡೆಕರೆ ಹೊಲ, ನಾಲ್ಕು ಮಂದಿ ಅಣ್ಣತಮ್ಮಂದಿರು. ಒಬ್ಬ ಕಾರಖಾನೆಗೆ, ಒಬ್ಬ ಪುಣೆಗೆ, ಒಬ್ಬ ಫೌಜಿಗೆ. ಆ ಹುಡುಗನನ್ನು ಕಾಶ್ಮೀರದ ಹೆದ್ದಾರಿಯ ಮೇಲೆ ನಿಲ್ಲಿಸುತ್ತಾರೆ. ಅಲ್ಲಿಯ ಮಾತು ಅವನಿಗೆ ಬಾರದು, ಅವನ ಮಾತು ಅಲ್ಲಿಯವರಿಗೆ ತಿಳಿಯದು. ಬರುವ ಗಾಡಿಯಲ್ಲಿ ಸೇಬು ಇದೆಯೋ ಸಾವು ಇದೆಯೋ ಎಂಬುದು ಅವನಿಗೆ ಗೊತ್ತಾಗುವುದಿಲ್ಲ. 2019ರ ಫೆಬ್ರುವರಿ 14ರಂದು ಪುಲವಾಮಾದಲ್ಲಿ ಸ್ಫೋಟಕ ತುಂಬಿದ ಗಾಡಿ ನುಗ್ಗಿ ಕೇಂದ್ರ ಮೀಸಲು ಪೋಲೀಸ ಪಡೆಯ 40 ಜನ ಸತ್ತರು. ಅವರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಯೋಧನೂ ಒಬ್ಬ. ಆದುದರಿಂದ ಆ ಹುಡುಗನ ಎದೆಯೊಳಗಿನ ಭಯವನ್ನು ನಾವು ಹಗುರಾಗಿ ಕಾಣುವವರಲ್ಲ.

ಆದರೆ ಆ ಸಾವಿನ ನಂತರ ಏನಾಯಿತು? ಅದೇ ಏಪ್ರಿಲ್ 7ರಿಂದ ಬಾರಾಮುಲ್ಲಾದಿಂದ ಊಧಮಪುರದವರೆಗಿನ ಸುಮಾರು 270 ಕಿಲೋಮೀಟರ್ ಹೆದ್ದಾರಿಯಲ್ಲಿ ವಾರಕ್ಕೆ ಎರಡು ದಿನ, ರವಿವಾರ ಮತ್ತು ಬುಧವಾರ, ನಸುಕಿನ ನಾಲ್ಕರಿಂದ ಸಂಜೆ ಐದರವರೆಗೆ ಜನರ ಗಾಡಿ ಹೋಗಕೂಡದೆಂದು ಆಜ್ಞೆಯಾಯಿತು. ಕಾಶ್ಮೀರ ಕಣಿವೆಯನ್ನು ಹೊರಗಿನ ನಾಡಿಗೆ ಕೂಡಿಸುವ ಮುಖ್ಯ ರಸ್ತೆ ಅದು. ಮದುವೆಯ ದಿಬ್ಬಣಕ್ಕೂ ಅಧಿಕಾರಿಯ ಅಪ್ಪಣೆ ಬೇಕಾಯಿತು. ಒಬ್ಬ ಮನುಷ್ಯ ಅಪ್ಪಣೆ ಕೇಳಲು ಹೋದಾಗ ಕಾಗದದ ಮೇಲಲ್ಲ, ಅವನ ಅಂಗೈಯ ಮೇಲೆಯೇ ಬರೆದು ಶಿಕ್ಕಾ ಹಾಕಿ ಕಳಿಸಿದರು. ಆ ಕೈಯ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಬಂಧುಗಳೇ, ನಾವು ದನದ ಸಂತೆಯಲ್ಲಿ ಎತ್ತಿಗೆ ಗುರುತು ಹಾಕುವುದನ್ನು ಕಂಡಿದ್ದೇವೆ. ಆ ಮನುಷ್ಯ ಸಂಜೆಗೆ ಮನೆಗೆ ಹೋಗಿ ಊಟಕ್ಕೆ ಕುಳಿತಾಗ ಆ ಕೈಯನ್ನು ತೊಳೆದನೋ, ತಿರುಗಿ ಬರುವ ದಾರಿಗೆ ಬೇಕೆಂದು ತೊಳೆಯದೆ ಬಿಟ್ಟನೋ ಎಂಬುದು ನಮ್ಮ ತಲೆಯಿಂದ ಹೋಗಿಲ್ಲ. ಬಹಳ ಗದ್ದಲವಾದ ಮೇಲೆ ಮೇ ತಿಂಗಳಲ್ಲಿ ಆ ನಿರ್ಬಂಧವನ್ನು ತೆಗೆದರು. ಗದ್ದಲವಾಗದಿದ್ದರೆ?

ನಾಕಾದಲ್ಲಿ ಝಡತಿ ಮಾಡುವುದೇ ತಪ್ಪೆಂದು ನಮ್ಮ ವಾದವಲ್ಲ. ಬಾಂಬು ಹೊತ್ತವನನ್ನು ಹಿಡಿಯಲೇಬೇಕು. ನಮ್ಮ ಪ್ರಶ್ನೆ ಬೇರೆ. ತಪಾಸಣೆಯ ಹೊರೆಯನ್ನು ಹೊರುವವರು ಯಾರು? ಮೋಟಾರಿನಲ್ಲಿ ಕುಳಿತ ದೊಡ್ಡವನು ಕಾಜು ಇಳಿಸಿ ಹೆಸರು ಹೇಳಿದರೆ ಕೋಲು ಮೇಲಕ್ಕೆ ಏಳುತ್ತದೆ. ದಿನಗೂಲಿಯವನು ಎರಡು ತಾಸು ನಿಂತರೆ ಅವನ ಆ ದಿನದ ಪಗಾರ ಹೋಯಿತು. ಮೇಸ್ತ್ರಿ ಬೇರೆಯವನನ್ನು ಹಚ್ಚಿಕೊಂಡಿರುತ್ತಾನೆ. ಹಾಲಿನವಳ ಹಾಲು ಒಡೆಯುತ್ತದೆ. ಪರೀಕ್ಷೆಗೆ ಹೋಗುವ ಹುಡುಗಿಗೆ ವರ್ಷವೇ ಹೋಗುತ್ತದೆ. ಇವರಾರೂ ಸತ್ತವರ ಲೆಕ್ಕಕ್ಕೆ, ಗಾಯಗೊಂಡವರ ಲೆಕ್ಕಕ್ಕೆ ಬರುವುದಿಲ್ಲ. ಬಡವನ ಹೊತ್ತಿಗೆ ಬೆಲೆಯಿಲ್ಲವೆಂದು ತಿಳಿದಿರುವ ರಾಜ್ಯದಲ್ಲಿ ಅದನ್ನು ಯಾರು ಬರೆದಿಡಬೇಕು?

ಕೆಲವು ಕಡೆ ಬರೆದಿಟ್ಟಿದ್ದಾರೆ. ಪ್ಯಾಲೆಸ್ತೀನದ ಪಶ್ಚಿಮ ದಂಡೆಯಲ್ಲಿ ಇಸ್ರೇಲಿನ ಸೈನ್ಯದ ನಾಕಾಗಳು, ಮಣ್ಣಿನ ದಿಬ್ಬಗಳು, ಕಬ್ಬಿಣದ ಬಾಗಿಲುಗಳು ಎಲ್ಲ ಕೂಡಿ 2023ರ ಆರಂಭದಲ್ಲಿ 645 ಎಂದು ವಿಶ್ವಸಂಸ್ಥೆಯ ಕಚೇರಿ ಎಣಿಸಿತು. ಆ ನಾಡಿನ ವಿಸ್ತಾರ ನಮ್ಮ ಬೆಳಗಾವಿ ಜಿಲ್ಲೆಯ ಅರ್ಧದಷ್ಟೂ ಇಲ್ಲ. ಅಲ್ಲಿಯ ಬಸುರಿಯರ ಸಂಗತಿಯನ್ನು ಒಬ್ಬ ಸಂಶೋಧಕಿ ಕೂಡಿಸಿದ್ದನ್ನು 2011ರಲ್ಲಿ ಹೆಸರಾಂತ ವೈದ್ಯಪತ್ರಿಕೆಯೊಂದು ಅಚ್ಚು ಹಾಕಿತು. 2000ದಿಂದ 2007ರವರೆಗೆ 69 ಹೆರಿಗೆಗಳು ನಾಕಾದ ಬಳಿಯಲ್ಲಿಯೇ ಆದವು. 35 ಕೂಸುಗಳು, 5 ತಾಯಂದಿರು ಸತ್ತರು. ಇಲ್ಲಿ ಕುಳಿತಿರುವ ತಾಯಂದಿರಿಗೆ ಈ ಅಂಕಿಯನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಬೇನೆ ತಿಂದ ಹೆಂಗಸು ದಾರಿಯ ಮೇಲೆ, ಗಂಡಸು ಸಿಪಾಯಿಗಳ ಎದುರಿಗೆ.

ಅದು ಪರದೇಶದ ಮಾತೆನ್ನುವಿರಾದರೆ ಮಣಿಪುರಕ್ಕೆ ಬನ್ನಿರಿ. 2023ರ ಮೇ 3ರಿಂದ ಅಲ್ಲಿ ಮೈತೇಯಿ ಮತ್ತು ಕುಕಿ ಜನರ ನಡುವೆ ಕೊಲೆ, ಸುಲಿಗೆ, ಬೆಂಕಿ ನಡೆದು, ಬಯಲಿಗೂ ಗುಡ್ಡಕ್ಕೂ ನಡುವೆ ಕೇಂದ್ರದ ಪಡೆಗಳು ಬಂದು ನಿಂತವು. ಪಡೆ ಬಾರದಿದ್ದರೆ ಇನ್ನೂ ಎಷ್ಟು ಹೆಣ ಬೀಳುತ್ತಿದ್ದವೋ, ಅದನ್ನು ಒಪ್ಪಬೇಕು. ಆದರೆ ಪಡೆಯ ನಾಕಾದ ಜೊತೆಗೆ ಎರಡೂ ಜನಾಂಗದವರು ತಮ್ಮ ತಮ್ಮ ನಾಕಾಗಳನ್ನು ಹಾಕಿಕೊಂಡರು. ಗುಡ್ಡದ ಕುಕಿಯವನು ತನ್ನದೇ ರಾಜ್ಯದ ರಾಜಧಾನಿ ಇಂಫಾಲಕ್ಕೆ ಹೋಗಿ ವಿಮಾನ ಹತ್ತಲಾರ. ಮಿಜೋರಾಮದ ಐಜೋಲಕ್ಕೆ ಸುತ್ತು ಹಾಕಿ ಹೋಗಬೇಕು. ಬಯಲಿನ ಮೈತೇಯಿಗೆ ಗುಡ್ಡದ ಹೆದ್ದಾರಿ ಮುಚ್ಚಿತು. ಔಷಧ, ಅಕ್ಕಿ, ಎಣ್ಣೆ ಎಲ್ಲದರ ಬೆಲೆ ಏರಿತು. ಸುಮಾರು ಎರಡು ವರ್ಷಗಳಾದ ಮೇಲೆ, 2025ರ ಮಾರ್ಚ್ 8ರಿಂದ ಎಲ್ಲ ರಸ್ತೆಗಳಲ್ಲಿಯೂ ಮುಕ್ತವಾಗಿ ಓಡಾಡಬೇಕೆಂದು ಕೇಂದ್ರ ಸರಕಾರ ಆಜ್ಞೆ ಮಾಡಿತು. ಅದೇ ದಿನ ಕಾಂಗ್‌ಪೋಕ್ಪಿಯ ಕಡೆ ಘರ್ಷಣೆಯಾಗಿ ಒಬ್ಬ ಸತ್ತ, ಅನೇಕರಿಗೆ ಗಾಯವಾಯಿತು. ನಾಕಾ ಹಾಕುವುದಕ್ಕೆ ಒಂದು ರಾತ್ರಿ ಸಾಕು. ಅಷ್ಟರಲ್ಲಿ ಜನರ ಮನಸ್ಸಿನೊಳಗೂ ಕೋಲು ಇಳಿದಿರುತ್ತದೆ. ಅದನ್ನು ಎತ್ತುವ ಆಜ್ಞೆ ಯಾವ ಕಚೇರಿಯಿಂದಲೂ ಹೊರಡುವುದಿಲ್ಲ.

ಕಾನೂನಿನ ಮಾತು ಸ್ವಲ್ಪ ಹೇಳಬೇಕು. 1958ರಲ್ಲಿ ಸಶಸ್ತ್ರ ಪಡೆಗಳ ವಿಶೇಷಾಧಿಕಾರದ ಕಾಯಿದೆ ಬಂತು. ಅಶಾಂತ ಪ್ರದೇಶವೆಂದು ಸಾರಿದ ಕಡೆ ಸಿಪಾಯಿ ವಾರಂಟಿಲ್ಲದೆ ಹಿಡಿಯಬಹುದು, ಝಡತಿ ಮಾಡಬಹುದು, ಕೆಲವು ಸಂದರ್ಭದಲ್ಲಿ ಗುಂಡನ್ನೂ ಹಾರಿಸಬಹುದು; ತಪ್ಪು ಮಾಡಿದರೆ ಕೇಂದ್ರದ ಅಪ್ಪಣೆಯಿಲ್ಲದೆ ಅವನ ಮೇಲೆ ಖಟ್ಲೆ ನಡೆಯಲಾರದು. ಅದೇ 1958ರಲ್ಲಿ, ಮತ್ತೆ 1959ರಲ್ಲಿ, ಡಾ. ಲೋಹಿಯಾ ಇಂದಿನ ಅರುಣಾಚಲಕ್ಕೆ ಪರವಾನಿಗೆಯಿಲ್ಲದೆ ಕಾಲಿಟ್ಟರು, ಬಂಧನಕ್ಕೊಳಗಾದರು. ನನ್ನ ದೇಶದೊಳಗೆ ನಾನು ಹೋಗಲು ಚೀಟಿ ಏಕೆ ಎಂಬುದು ಅವರ ಪ್ರಶ್ನೆ. ಆ ಪರವಾನಿಗೆಗೆ ಗುಡ್ಡದ ಜನರ ಭೂಮಿಯನ್ನು ಬಯಲಿನ ಸಾಹುಕಾರರಿಂದ ಉಳಿಸುವ ಇನ್ನೊಂದು ಮುಖವೂ ಉಂಟು. ಆ ಜನರೇ ಅದನ್ನು ಬೇಕೆನ್ನುತ್ತಾರೆ. ಅವರ ಮಾತನ್ನು ನಾವು ಗೌರವಿಸುತ್ತೇವೆ. ಆದರೆ ಅಲ್ಲಿ ಚೀಟಿ ಕೇಳುವುದು ಒಳಗೆ ಬರುವ ಹೊರಗಿನವನನ್ನು. ಕಾಶ್ಮೀರದ ಹೆದ್ದಾರಿಯ ಮೇಲೆ ಚೀಟಿ ಕೇಳಿದ್ದು ಆ ಊರಿನವನನ್ನೇ. 1997ರಲ್ಲಿ ಸುಪ್ರೀಂ ಕೋರ್ಟು ವಿಶೇಷಾಧಿಕಾರದ ಕಾಯಿದೆಯನ್ನು ಎತ್ತಿ ಹಿಡಿಯಿತಾದರೂ, ಸೈನ್ಯವು ತಾನೇ ಬರೆದುಕೊಂಡ ಮಾಡತಕ್ಕವು-ಮಾಡಬಾರದವುಗಳ ಪಟ್ಟಿಯನ್ನು ಪಾಲಿಸಲೇಬೇಕೆಂದು ಹೇಳಿತು. ಆ ಪಟ್ಟಿ ನಾಕಾದಲ್ಲಿ ನಿಂತ ಜನರ ಕೈಗೆ, ಅವರ ಭಾಷೆಯಲ್ಲಿ, ಸಿಗುವುದೆ?

ಮತ್ತೆ ನಮ್ಮ ಊರಿಗೆ ಬರೋಣ. 2020ರ ಮಾರ್ಚದಲ್ಲಿ ಕರೋನಾ ರೋಗ ಬಂತು. ಅಲ್ಲಿ ಯುದ್ಧವೂ ಇಲ್ಲ, ಸೈನ್ಯವೂ ಇಲ್ಲ. ಆದರೆ ನಾಕಾದ ಗುಣ ಒಂದೇ. ಕಾಸರಗೋಡಿನ ಕನ್ನಡಿಗರು, ಮಲಯಾಳಿಗರು ತಲೆತಲಾಂತರದಿಂದ ದೊಡ್ಡ ಜಡ್ಡಿಗೆ ಮಂಗಳೂರಿಗೆ ಹೋಗುವವರು. ನಮ್ಮ ಕರ್ನಾಟಕದ ಕಡೆಯಿಂದ ತಲಪಾಡಿಯಲ್ಲಿ ಕೋಲು ಇಳಿಸಿದರು, ಸಣ್ಣ ದಾರಿಗಳ ಮೇಲೆ ಲಾರಿಯಿಂದ ಮಣ್ಣು ಸುರಿದರು. ರೋಗಿಗಳು ಗಡಿಯಿಂದ ಹಿಂದಿರುಗಿ ಸತ್ತರು. ಏಪ್ರಿಲ್ 1ರಂದು ಕೇರಳದ ಹೈಕೋರ್ಟು ಇದು ಬದುಕುವ ಹಕ್ಕಿಗೇ ವಿರುದ್ಧವೆಂದು ಹೇಳಿತು. ಮಾತು ಸುಪ್ರೀಂ ಕೋರ್ಟಿಗೆ ಹೋಗಿ, 7ನೆಯ ತಾರೀಖಿಗೆ ರೋಗಿಗಳನ್ನು ಬಿಡುವ ಒಪ್ಪಂದವಾಯಿತೆಂದು ತಿಳಿಸಿದರು. ಮಣ್ಣು ಸುರಿಯಲು ಬೇಕಾದದ್ದು ಒಂದು ತಾಸು. ಅದರಲ್ಲಿ ಆಂಬ್ಯುಲನ್ಸಿಗೆ ಸಂದಿ ಮಾಡಲು ಎರಡು ರಾಜ್ಯಗಳು, ಎರಡು ಕೋರ್ಟುಗಳು ಬೇಕಾದವು. ಸುರಿದವರು ನಮ್ಮವರೇ, ಕನ್ನಡದ ಸರಕಾರವೇ. ಇದನ್ನು ನಾವು ಬಾಯಿಬಿಟ್ಟು ಹೇಳದಿದ್ದರೆ ಕಾಶ್ಮೀರದ ಮಾತಾಡುವ ಅಧಿಕಾರ ನಮಗಿಲ್ಲ.

ಅದೇ ದಿನಗಳಲ್ಲಿ ಇಲ್ಲಿ ಏನಾಗಿತ್ತು? ರಾಯಬಾಗ, ಅಥಣಿ, ಕಾಗವಾಡಗಳ ಜನರಿಗೆ ಮೀರಜವೇ ಮಂಗಳೂರು. 1894ರಲ್ಲಿ ವಾನ್ಲೆಸ್ ಡಾಕ್ಟರರು ಅಲ್ಲಿ ದವಾಖಾನೆ ಹಾಕಿದಂದಿನಿಂದ ನಮ್ಮ ಕಡೆಯ ಜನ ಗಂಟು ಕಟ್ಟಿಕೊಂಡು ಅಲ್ಲಿಗೇ ನಡೆದಿದ್ದಾರೆ. ಕುಡಚಿ, ಉಗಾರ, ಶೇಡಬಾಳ ದಾಟಿದರೆ ಮೀರಜ. ಆ ವರ್ಷ ಗಾಡಿಗಳು ನಿಂತವು, ಕಾಗವಾಡದ ಆಚೆ ರಸ್ತೆ ಮುಚ್ಚಿತು. ನಮ್ಮಲ್ಲಿಯೇ ಒಬ್ಬರು ಹೊಟ್ಟೆಯ ಗಡ್ಡೆಯ ತಾಯಿಯನ್ನು ಕರೆದುಕೊಂಡು ಗಡಿಗೆ ಹೋದರು. ಕೋಲಿನ ಹತ್ತಿರ ನಿಂತಿದ್ದ ಪೋಲೀಸ ಹುಡುಗ ಅಥಣಿ ತಾಲೂಕಿನವನೇ. ಮಾತು ಕೇಳಿ ಗುರುತು ಹತ್ತಿತು. "ಅಜ್ಜಿ, ನಮ್ಮವ್ವನೂ ಅಲ್ಲಿಗೇ ತೋರಸ್ತಾಳ್ರಿ. ಆದರ ನನಗ ಹುಕುಂ ಇಲ್ಲ" ಎಂದ. ನೀರು ತಂದು ಕೊಟ್ಟ. ನೆರಳಿಗೆ ಕೂಡ್ರಿಸಿದ. ಬಿಡಲಿಲ್ಲ. ಮೂರು ತಾಸು ಅವನು ಯಾರು ಯಾರಿಗೋ ಫೋನು ಮಾಡಿದ. ಹುಕುಂ ಕೊಡುವವನು ಯಾರೆಂಬುದು ಅವನಿಗೂ ಗೊತ್ತಾಗಲಿಲ್ಲ. ತಿರುಗಿ ಬಂದರು. ಆ ತಾಯಿ ಬದುಕಿದರು, ಆ ಮಾತು ಬೇರೆ. ಮುಂದೆ ಬೆಳಗಾವಿಯಲ್ಲಿ ಶಸ್ತ್ರಕ್ರಿಯೆ ಆಯಿತು. ಆದರೆ ಆ ಹುಡುಗ ಅಂದು ಅತ್ತಿದ್ದನೆಂದು ಆ ತಾಯಿ ಇಂದಿಗೂ ಹೇಳುತ್ತಾರೆ.

2022ರ ಡಿಸೆಂಬರದಲ್ಲಿ ಗಡಿಯ ಜಗಳ ಮತ್ತೆ ಭುಗಿಲೆದ್ದು, ಎರಡೂ ರಾಜ್ಯಗಳ ಬಸ್ಸುಗಳಿಗೆ ಕಲ್ಲು, ಮಸಿ ಬಿದ್ದವು. ನಿಪ್ಪಾಣಿಯ ಕೊಗನೊಳ್ಳಿಯಲ್ಲಿ ಪೋಲೀಸರ ದಂಡೇ ನಿಂತಿತು. ಎರಡೂ ಕಡೆಯ ಪುಢಾರಿಗಳು ಪತ್ರಿಕೆಯಲ್ಲಿ ಗರ್ಜಿಸಿದರು. ಗರ್ಜಿಸಿದವರಲ್ಲಿ ಯಾರೂ ಬಸ್ಸಿಗಾಗಿ ಕಾದವರಲ್ಲ. ಕಾದವರು ಕೊಲ್ಲಾಪುರದ ಪೇಟೆಗೆ ಬೆಲ್ಲ ಒಯ್ಯುವವರು, ಇಚಲಕರಂಜಿಯ ಮಗ್ಗಕ್ಕೆ ಹೋಗುವವರು, ಹೆರಿಗೆಗೆ ತವರಿಗೆ ಹೊರಟವರು.

ಹಾಗಾದರೆ ನಾವು ಕೇಳುವುದೇನು? ಬಹಳವೇನೂ ಇಲ್ಲ. ಎಲ್ಲಿಯೇ ನಾಕಾ ಹಾಕಲಿ, ಹಾಕಿದವನ ಹೆಸರು, ಹುದ್ದೆ, ಎಂದಿನಿಂದ ಎಂದಿನವರೆಗೆ ಎಂಬುದು ಅಲ್ಲಿಯ ಜನರ ಭಾಷೆಯಲ್ಲಿ ಹಲಗೆಯ ಮೇಲೆ ಇರಬೇಕು. ತಾರೀಖು ಮುಗಿದ ಮೇಲೆ ಕೋಲು ತಾನೇ ಏಳಬೇಕು. ಮತ್ತೆ ಇಳಿಸಬೇಕಾದರೆ ಹೊಸ ಕಾರಣ ಹೇಳಬೇಕು. ರೋಗಿ, ಬಸುರಿ, ಹೆಣ, ಪರೀಕ್ಷೆಯ ಮಗು, ಇವರನ್ನು ಬಿಡುವ ಅಧಿಕಾರ ಅಲ್ಲಿ ನಿಂತ ಹುಡುಗನ ಕೈಯಲ್ಲಿಯೇ ಇರಬೇಕು. ಬಿಟ್ಟದ್ದಕ್ಕೆ ಅವನ ನೌಕರಿ ಹೋಗಬಾರದು. ಹೆಂಗಸರ ಝಡತಿಯನ್ನು ಹೆಂಗಸರೇ ಮಾಡಬೇಕು. ಕೂಲಿ ಹೋದವನಿಗೆ ಕೂಲಿ ಕಟ್ಟಿಕೊಡಬೇಕು. ಈ ಕೊನೆಯದನ್ನು ಕೇಳಿದರೆ ಕಚೇರಿಯವರು ನಗುತ್ತಾರೆ, ನಾವು ಬಲ್ಲೆವು. ರಸ್ತೆಗೆ ಹೊಲ ಹೋದವನು ಪರಿಹಾರ ಕೇಳಿದಾಗಲೂ ಮೊದಲು ನಕ್ಕಿದ್ದರು.

ಇಲ್ಲಿ ಫೌಜಿಗೆ ಹೋದ ಮಕ್ಕಳ ತಂದೆತಾಯಿಗಳು ಕುಳಿತಿದ್ದೀರಿ. ಮಕ್ಕಳು ರಜೆಗೆ ಬಂದಾಗ ಊಟ, ಹೊಲ, ಮದುವೆಯ ಮಾತಾಡುತ್ತೀರಿ. ಒಂದು ಸಲ ಇದನ್ನೂ ಕೇಳಿರಿ: ನಾಕಾದಲ್ಲಿ ನಿಂತಾಗ ಎದುರಿಗೆ ಬಂದ ಮುದುಕನನ್ನು ಅವನು ಏನೆಂದು ಕರೆಯುತ್ತಾನೆ? ಅಲ್ಲಿಯ ಮಾತಿನಲ್ಲಿ ಅಜ್ಜ ಎಂಬುದಕ್ಕೆ ಏನೆನ್ನುತ್ತಾರೆಂದು ಅವನಿಗೆ ಯಾರಾದರೂ ಕಲಿಸಿದ್ದಾರೆಯೆ? ಅವನು ಏನು ಹೇಳಿದನೆಂಬುದನ್ನು ಹೆಸರು ಹಾಕದೆ ಬರೆದು ನಮ್ಮ ವಾರಪತ್ರಿಕೆಗೆ ಕಳಿಸಿರಿ, ಅಚ್ಚು ಹಾಕುತ್ತೇವೆ.

ಸಭೆಯನ್ನು ಇಲ್ಲಿಗೆ ನಿಲ್ಲಿಸುತ್ತೇವೆ. ಮೀರಜದ ಕಡೆಯ ಚಕ್ಕಡಿಗಳು ಬಿಸಿಲೇರುವ ಮೊದಲು ಕುಡಚಿಯ ಸೇತುವೆ ದಾಟಬೇಕಂತೆ. ದಾರಿಯಲ್ಲಿ ಕುಳಿತವರು ಸ್ವಲ್ಪ ಸರಿದು ಅವರಿಗೆ ಹಾದಿ ಬಿಡಿರಿ.